ಗಿಡ್ಡ ಹುಡುಗಿಯ ಸಾಕ್ಷಿ

ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ನಮ್ಮ ಯಜಮಾನರು. ದಿಲ್ಲಿಯ ಜನಕಪುರಿಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಕ್ಯಾಲ್ಸಿಯಂ ಮಾತ್ರೆ ಮಾರುವವರು ನಮ್ಮ ಬ್ಲಾಕಿನ ಪಾರ್ಕಿನಲ್ಲಿ ಶಾಮಿಯಾನ ಹಾಕಿ, ಮೂಳೆ ಪರೀಕ್ಷೆ ಪುಕ್ಕಟೆ ಅಂದದ್ದೇ ತಡ, ಇವರು ತಮ್ಮ ಅಮ್ಮನನ್ನು ಕರೆದುಕೊಂಡು ಹೋದರು. ಅತ್ತೆ ಒಂದು ಪೆಟ್ಟಿಗೆಯಂಥ ಯಂತ್ರದೊಳಗೆ ಹಿಮ್ಮಡಿ ಇಟ್ಟರು. ಹಸಿರು ದೀಪ ಹತ್ತಿತು. ಒಂದು ಚೀಟಿ ಕೊಟ್ಟರು. ಅಲ್ಲಿಗೆ ಅತ್ತೆಯ ಮೂಳೆಯ ವಿಚಾರ ಮುಗಿದೇಹೋಯಿತು!

ನೋಯುತ್ತಿದ್ದದ್ದು ಬೆನ್ನು. ನೋಡಿದ್ದು ಹಿಮ್ಮಡಿ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಅತ್ತೆ ಪಾತ್ರೆ ಎತ್ತಲು ಬಗ್ಗಿದವರು ಹಾಗೇ ಗೋಡೆ ಹಿಡಿದು ನಿಂತುಬಿಡುತ್ತಿದ್ದರು. ಒಮ್ಮೆ ಗ್ಯಾಸ್ ಅಂದರು ಇವರು, ಓಂಕಾಳು ತಿನ್ನಿಸಿದರು. ಇನ್ನೊಮ್ಮೆ ದಿಲ್ಲಿಯ ಚಳಿ ಅಂದರು. ಅತ್ತೆಯ ಲಂಗ ನೆಲ ಗುಡಿಸತೊಡಗಿತ್ತು. ನಾನು ಅಂಚು ಮಡಿಸಿ ಹೊಲಿದೆ, ವರ್ಷ ಕಳೆಯುವಷ್ಟರಲ್ಲಿ ಮತ್ತೆ ಮಡಿಸಬೇಕಾಯಿತು. ಅದಕ್ಕೂ ನಗು ಇವರಿಗೆ.

"ರೀ, ಸೊಂಟದ್ದು ಬೆನ್ನಿಂದು ಸರಿಯಾಗಿ ಸ್ಕ್ಯಾನ್ ಮಾಡ್ಸೋಣ."

"ಗ್ರೀನ್ ಬಂದಿದೆಯಲ್ಲ, ಮತ್ತೇನು? ವಯಸ್ಸಾಯ್ತು, ನೋವಿರತ್ತೆ. ಅಚ್ಛಾ, ಮುಂದಿನ ತಿಂಗಳು ನೋಡೋಣ."

ಇವರ ಎದೆಗೆ ಮಾತ್ರ ಮುಂದಿನ ತಿಂಗಳು ಅನ್ನುವುದಿರಲಿಲ್ಲ. ವರ್ಷ ವರ್ಷ ಆಫೀಸಿನವರು ಹೃದಯ ಪರೀಕ್ಷೆಗೆ ಕಳಿಸುತ್ತಿದ್ದರು, ಇವರು ಟ್ರೆಡ್‌ಮಿಲ್ಲಿನ ಮೇಲೆ ಓಡಿ, ಯುದ್ಧ ಗೆದ್ದವರ ಹಾಗೆ ಮನೆಗೆ ಬರುತ್ತಿದ್ದರು. ಹೆತ್ತಮ್ಮನಿಗೆ ಪಾರ್ಕಿನ ಪೆಟ್ಟಿಗೆ ಸಾಕಾಗಿತ್ತು.

ಒಂದು ದಿನ ನಾನು ರಜೆ ಹಾಕಿ ಅತ್ತೆಗೆ ಚಪ್ಪಲಿ ಹಾಕಿಸಿದೆ. "ನೀವು ಬನ್ನಿ, ಬಿಡಿ, ನಾವು ಹೊರಟ್ವಿ" ಅಂದೆ ಇವರಿಗೆ. ಗೊಣಗುತ್ತಾ ಬಂದರು, ಜೇಬಿನಲ್ಲಿ ಆ ಹಸಿರು ಚೀಟಿ ಇಟ್ಟುಕೊಂಡು.

ಡಾಕ್ಟರಮ್ಮ ಚೀಟಿಯನ್ನು ಪಕ್ಕಕ್ಕೆ ಸರಿಸಿದರು. ಹಿಮ್ಮಡಿಯದು ಒಂದು ಅಂದಾಜು ಅಷ್ಟೇ, ಮಲಗಿಸಿ ಸೊಂಟ ಮತ್ತು ಬೆನ್ನುಮೂಳೆಯನ್ನು ನೋಡುವ ಡೆಕ್ಸಾ ಸ್ಕ್ಯಾನೇ ಬೇಕು ಎಂದು ಹಿಂದಿಯಲ್ಲಿ ವಿವರಿಸಿದರು. ಆಮೇಲೆ ಕೇಳಿದರು, ಮಾತಾಜಿ ವಯಸ್ಸಿನಲ್ಲಿದ್ದಾಗ ಎಷ್ಟು ಎತ್ತರ ಇದ್ದರು?

"ಇಷ್ಟೇ" ಅಂದರು ಇವರು. "ಅಮ್ಮ ಮೊದಲಿಂದ್ಲೂ ಇಷ್ಟೇ."

ಮೈಯೆಲ್ಲ ಉರಿದುಹೋಯಿತು ನನಗೆ. ನನ್ನನ್ನು ನೋಡಲು ಬಂದಾಗ, ಉಪ್ಪಿಟ್ಟಿನ ತಟ್ಟೆ ಇನ್ನೂ ಎತ್ತಿರಲಿಲ್ಲ, ಇದೇ ಅತ್ತೆ ನನ್ನನ್ನು ತಮ್ಮ ಪಕ್ಕ ನಿಲ್ಲಿಸಿಕೊಂಡು ನೆತ್ತಿಯ ಮೇಲೆ ಅಂಗೈ ಇಟ್ಟು, "ಹುಡುಗಿ ಗಿಡ್ಡ ಆಯ್ತು, ನನ್ನ ಕಿವಿಗೆ ಬರ್ತಾಳೆ ಅಷ್ಟೇ" ಅಂದಿದ್ದರು. ಎಲ್ಲರೆದುರಿಗೆ! ಆ ಮಾತು ಅಷ್ಟು ವರ್ಷವಾದರೂ ನನಗೆ ಜೀರ್ಣವಾಗಿರಲಿಲ್ಲ. ಆ ಹೊತ್ತು ಈ ಮಗರಾಯ ಅಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು.

"ಸುಳ್ಳು" ಅಂದೆ. ಅತ್ತೆಯ ಕೈಹಿಡಿದು ಎಬ್ಬಿಸಿ ನನ್ನ ಪಕ್ಕ ನಿಲ್ಲಿಸಿದೆ. ಈಗ ಅವರ ನೆತ್ತಿ ನನ್ನ ನೆತ್ತಿಯ ಮಟ್ಟಕ್ಕೇ ಇಳಿದಿತ್ತು. ಮದುವೆಗೆ ಮುಂಚಿನ ಕತೆಯನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ಸ್ಕ್ಯಾನಿನ ಜೊತೆಗೆ ಬೆನ್ನಿನ ಎಕ್ಸ್‌ರೇ ಕೂಡ ಬರೆದರು.

ಎಕ್ಸ್‌ರೇಯಲ್ಲಿ ನೋಡಿದರೆ ಬೆನ್ನಿನ ಮೂಳೆಗಳು ಅಲ್ಲಲ್ಲಿ ಕುಸಿದು ಚಪ್ಪಟೆಯಾಗಿದ್ದವು. ಗ್ಯಾಸ್ ಅಂದಾಗ ಒಂದು, ಚಳಿ ಅಂದಾಗ ಇನ್ನೊಂದು ಮುರಿದಿರಬೇಕು. ಓಂಕಾಳು ಕೊಟ್ಟಿದ್ದೆವು ನಾವು, ಮುರಿದ ಬೆನ್ನಿಗೆ! ಸೊಂಟವೂ ಸವೆದಿತ್ತು, ಆದರೆ ಮುರಿದಿರಲಿಲ್ಲ. ಈಗಲೇ ಔಷಧಿ ಶುರು ಮಾಡಿದರೆ ಅದನ್ನಾದರೂ ಉಳಿಸಿಕೊಳ್ಳಬಹುದು ಅಂದರು ಡಾಕ್ಟರಮ್ಮ.

ಹೊರಗೆ ಬಂದ ಮೇಲೂ ಇವರದು ಅದೇ ರಾಗ. "ಆದ್ರೂ ಅವತ್ತು ಗ್ರೀನ್ ಬಂದಿತ್ತಲ್ಲ..."

ಚೀಟಿ ಕಸಿದುಕೊಂಡು ಅಲ್ಲೇ ಹರಿದು ಹಾಕಿದೆ. ಆಸ್ಪತ್ರೆಯ ಕಾವಲಿನವನು ಬೈದ, ಬೈಸಿಕೊಂಡೆ.

ಆಟೋದಲ್ಲಿ ಅತ್ತೆ ನಮ್ಮಿಬ್ಬರ ನಡುವೆ ಕೂತಿದ್ದರು. ಗುಂಡಿ ಬಂದಾಗಲೆಲ್ಲ ನನ್ನ ತೋಳು ಬಿಗಿಯಾಗಿ ಹಿಡಿಯುತ್ತಿದ್ದರು. ಮನೆ ಹತ್ತಿರ ಬಂದಾಗ ಮಗನ ಕಡೆ ನೋಡದೆ ನನಗೆ ಹೇಳಿದರು.

"ಅವತ್ತು ನಿನ್ನನ್ನ ಅಳೆದೆ. ನನ್ನನ್ನ ಯಾರೂ ಅಳೀಲೇ ಇಲ್ಲ ನೋಡೇ."