ಶಂಕ್ರವ್ವನ ಜಗಲಿಗೆ ಹೋದ ಕೂಸು

ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ನಾನಾಗ ಒಂದು ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗೆ ದೇಣಿಗೆ ಎತ್ತುವವನು. ರೋಣ, ನರಗುಂದ, ಗಜೇಂದ್ರಗಡ ನನ್ನ ಪಾಲಿನ ಊರುಗಳು. ತರಬೇತಿಯಲ್ಲಿ ನಮ್ಮ ತಲೆಗೆ ತುಂಬಿದ್ದು ಒಂದೇ ಮಾತು: ಲಕ್ಷ ಜನ ಹಸಿದಿದ್ದಾರೆಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ, ನೇರ ನಮ್ಮನ್ನೇ ನೋಡುವ ಒಂದು ಮುಖ ತೋರಿಸಿದರೆ ಹೋಗುತ್ತದೆ. ಹಾಗಾಗಿ ನನ್ನ ಚೀಲದ ತುಂಬ ಒಂದೇ ಫೋಟೋದ ಪ್ರತಿಗಳು. ಆಫ್ರಿಕಾದ ನಿರಾಶ್ರಿತರ ಶಿಬಿರವೊಂದರ ಪುಟ್ಟ ಹೆಣ್ಣುಕೂಸು.

ಗಜೇಂದ್ರಗಡದಲ್ಲಿ ಸೀರೆ ನೇಯುವ ಶಂಕ್ರವ್ವ ಅದನ್ನು ಮಗ್ಗದ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದರು. ಪ್ರತಿ ತಿಂಗಳು ದೇಣಿಗೆ ಕೈಗಿಡುವ ಮೊದಲು ಕೇಳುವರು: “ಉಂಡಾಳೇನ್ರಿ ಆಕಿ?”

“ಉಂಡಾಳ್ರೀ ಅವ್ವಾರ” ಎನ್ನುತ್ತಿದ್ದೆ. ನನಗೇನು ಗೊತ್ತು? ಹಾಗೆಂದರೆ ನನ್ನ ಗಂಟೇನು ಹೋಗುತ್ತಿತ್ತು?

ಒಂದು ತಿಂಗಳು ಹೋದಾಗ ಗೋಡೆ ಖಾಲಿ. ಫೋಟೋ ಒಳಗೆ ದೇವರ ಜಗಲಿಯ ಮೇಲೆ, ತೀರಿಹೋದ ಅತ್ತೆ-ಮಾವನ ಪಟಗಳ ಪಕ್ಕದಲ್ಲಿತ್ತು. ಹಣೆಗೆ ವಿಭೂತಿ, ಮುಂದೆ ರೊಟ್ಟಿಯ ಎಡೆ. ನಾನು ಕೇಳಿದೆ:

“ಅಯ್ಯ, ಜೀವಂತ ಕೂಸನ್ನ ಇಲ್ಯಾಕ ಇಟ್ರಿ?”

“ಮಂಗಳವಾರ ನೇಯಾಕತ್ತಿದ್ದೆ. ತಲಿ ಎತ್ತಿದೆ, ಕೂಸು ನನ್ನ ನೋಡವಲ್ದು. ನನ್ನ ದಾಟಿ ಹಿಂದಿನ ಗ್ವಾಡಿ ನೋಡಾಕತ್ತಿತ್ತು. ಸತ್ತವ್ರು ಹಂಗ ನೋಡ್ತಾರ್ರಿ.”

ಧೈರ್ಯ ಮಾಡಿ ನೋಡಿದೆ. ಕೂಸಿನ ಕಣ್ಣು ನನ್ನ ಬೆನ್ನ ಹಿಂದೆ ಎಲ್ಲೋ ನೆಟ್ಟಿತ್ತು. ಹೊರಗೆ ಬಂದು ಚೀಲ ಬಿಚ್ಚಿದರೆ, ಉಳಿದ ಪ್ರತಿಗಳಲ್ಲೆಲ್ಲ ಅದು ನನ್ನನ್ನೇ ನೋಡುತ್ತಿತ್ತು.

ಆ ಕೂಸು ಈಗ ಹೇಗಿದೆ ಎಂದು ಕೇಳಿ ಅಂದೇ ಮುಖ್ಯ ಕಚೇರಿಗೆ ಬರೆದೆ. ಎರಡು ವಾರಕ್ಕೆ ಉತ್ತರ ಬಂತು: ಆ ಕೂಸು ಫೋಟೋ ತೆಗೆದ ವಾರದಲ್ಲೇ ತೀರಿಕೊಂಡಿತ್ತು, ಎಷ್ಟೋ ವರ್ಷಗಳ ಹಿಂದೆ. ಬೇರೆ ಯಾವ ಚಿತ್ರಕ್ಕೂ ಇಷ್ಟು ದೇಣಿಗೆ ಬರದ ಕಾರಣ ಬದಲಿಸಿರಲಿಲ್ಲ. ತಿಂಗಳು ತಿಂಗಳೂ ಸತ್ತ ಕೂಸಿಗೆ ಉಣ್ಣಿಸಿ ಬಂದಿದ್ದೆನಲ್ಲ ನಾನು! ನಾಚಿಕೆಯಿಂದ ಎರಡು ದಿನ ಮನೆ ಬಿಟ್ಟು ಹೊರಡಲಿಲ್ಲ.

ಮೂರನೆಯ ದಿನ ಹೋಗಿ ತಪ್ಪೊಪ್ಪಿಕೊಂಡೆ. ಇನ್ನು ಈ ಮನೆಯ ಬಾಗಿಲು ಮುಚ್ಚಿತು ಎಂದುಕೊಂಡಿದ್ದೆ. ಶಂಕ್ರವ್ವ ಲಾಳಿ ಆಡಿಸುವುದನ್ನು ನಿಲ್ಲಿಸಲಿಲ್ಲ.

“ಖರೇ ಹೇಳಾಕ ಇಷ್ಟ ದಿನ ಬೇಕಾತೇನ್ರಿ? ಸಣ್ಣಾಕಿದ್ದಾಗ ಹಸಗೊಂಡು ಮಲಗೀನ್ರಿ ನಾನು, ಅದಕ್ಕ ಕೇಳ್ತಿದ್ದೆ. ಸತ್ತವ್ರಿಗೆ ಎಡಿ ನಮ್ಮನ್ಯಾಗ ಐತಿ. ಜೀವಂತ ಇರೋ ಕೂಸಿನ ಫೋಟೋ ತರ್ರಿ.”

ಮರುತಿಂಗಳು, ಶಿಬಿರದವರನ್ನು ವಿಚಾರಿಸಿಕೊಂಡು ಇನ್ನೊಂದು ಕೂಸಿನ ಫೋಟೋ ಒಯ್ದೆ. ಗೋಡೆಗೆ ಅಂಟಿಸಿ, ನನ್ನತ್ತ ತಿರುಗಿದರು.

“ಉಂಡಾಳೇನ್ರಿ ಈಕಿ?”

ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. “ಗೊತ್ತಿಲ್ರಿ ಅವ್ವಾರ. ಕೇಳಿ ಹೇಳ್ತೀನಿ.”

ಅವರು ಸೆರಗಿನ ಗಂಟು ಬಿಚ್ಚಿದರು.

ಮುಖ ತೋರಿಸಿದರೆ ಜನ ಕೊಡುತ್ತಾರೆ, ತರಬೇತಿಯಲ್ಲಿ ಹೇಳಿದ್ದು ಸುಳ್ಳಲ್ಲ. ಆ ಮುಖದಲ್ಲಿ ಇನ್ನೂ ಉಸಿರಿದೆಯೇ ಎಂದು ಕೇಳುವುದು ನಮ್ಮ ಕೆಲಸ ಎಂಬುದನ್ನು ಮಾತ್ರ ಶಂಕ್ರವ್ವ ಕಲಿಸಬೇಕಾಯಿತು. ಹಳೆಯ ಫೋಟೋಗಳ ಕಟ್ಟು ನನ್ನ ಟ್ರಂಕಿನಲ್ಲಿದೆ, ಬೋರಲಾಗಿ. ಅವುಗಳಲ್ಲಿ ಕೂಸು ಈಗ ಎತ್ತ ನೋಡುತ್ತಿದೆಯೋ, ತಿರುವಿ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ.