ಅಡ್ಡ ಕೊಕ್ಕಿನ ಮರಿಯ ಊಟ

ಲೇಕ್ ಮಾರ್ಕೆಟ್ಟಿನ ಮೆಸ್ಸಿನಲ್ಲಿ ನಾನು ಸಾರಿಗೆ ಒಗ್ಗರಣೆ ಹಾಕಿದರೆ ಅದರ ಘಮಕ್ಕೆ ಮೂರು ಮೈಲಿ ಆಚೆ ಎಸ್ಪ್ಲನೇಡಿನಲ್ಲಿ ಟ್ರಾಮು ನಿಲ್ಲುತ್ತಿತ್ತು. ಅಂಥ ಅಡುಗೆಯವನನ್ನೂ ನಮ್ಮ ಹಿತ್ತಲ ಕೋಳಿಮರಿಯೊಂದು ಸೋಲಿಸಿತು. ಅದರ ಕೊಕ್ಕು ಕತ್ತರಿಯ ಹಾಗೆ ಅಡ್ಡಡ್ಡ. ಕುಕ್ಕಿದರೆ ನೆಲ ಸಿಗುತ್ತಿತ್ತು, ಕಾಳು ಸಿಗುತ್ತಿರಲಿಲ್ಲ. ಜೊತೆಯ ಮರಿಗಳು ಕೊಬ್ಬಿದವು, ಇದು ಒಣಗುತ್ತ ಬಂತು. ನುಚ್ಚು ಬೇಯಿಸಿ ತಟ್ಟೆಯಲ್ಲಿಟ್ಟೆ. ಅರ್ಧ ಅದರ ಕಣ್ಣಿಗಾಯಿತು, ಅರ್ಧ ನನ್ನ ಪಂಚೆಗೆ.

ಗಲ್ಲಿಯಲ್ಲಿ ಚಹಾ ಮಾರುವ ಮುದುಕಿ ಬೇಲಿಯಿಂದ ಇಣುಕಿ, "ದಾದಾ, ಇದು ನಾಳೆ ಇರಲ್ಲ" ಅಂದಳು.

"ಏ ದೀದಿ, ನಾನು ಸುಂದರಬನದ ಹುಲಿಗೇ ಇಡ್ಲಿ ತಿನ್ನಿಸಿದವನು!"

"ಹುಲಿಯ ಬಾಯಿ ನೆಟ್ಟಗಿತ್ತಲ್ಲ," ಎನ್ನುತ್ತ ಒಳಗೆ ಬಂದವಳೇ ತನ್ನ ಚಹಾದ ಮಣ್ಣಿನ ಲೋಟಕ್ಕೆ ನುಚ್ಚು ತುಂಬಿ ಮರಿಯ ಮುಂದಿಟ್ಟಳು. ಲೋಟ ಆಳವಾಗಿತ್ತು. ಮರಿ ಮುಖ ಅದ್ದಿ, ಕೆಳಗಿನ ಕೊಕ್ಕಿನಿಂದ ಚಮಚದ ಹಾಗೆ ಬಾಚಿ ಬಾಚಿ ನುಂಗಿತು. ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನ ಘಾಟು ಅಂದೆ.

ಈಗ ಅದು ನನ್ನ ಸೊಂಟದೆತ್ತರದ ಹುಂಜ. ಲೋಟದ ಉಪಾಯ ನನ್ನದೇ ಎಂದು ಬಂದವರಿಗೆಲ್ಲ ಹೇಳುತ್ತೇನೆ. ಮುದುಕಿ ಚಹಾ ಸುರಿಯುತ್ತ ಕೇಳುತ್ತಾಳೆ: "ಹುಂಜದ ಬಾಯಿ ಮುಚ್ಚಲ್ಲ, ಅದು ಹುಟ್ಟಿನಿಂದ ಬಂದದ್ದು. ನಿಮಗೇನಾಗಿದೆ ದಾದಾ?"