ಹಿಂದಿನ ಸೀಟಿನವರಿಗೊಂದು ಮಾತು

ನಮ್ಮ ಮನೆಯವರು ಏರ್‌ಪೋರ್ಟ್ ಟ್ಯಾಕ್ಸಿ ಡ್ರೈವರು. ವಿಮಾನದಿಂದ ಇಳಿದವರನ್ನು ಊರಿನ ನಡುಮಧ್ಯಕ್ಕೆ ತಂದು ಬಿಡುವುದು ಅವರ ಕೆಲಸ. ಹೇಳುವುದಕ್ಕೆ ಇಷ್ಟೇ. ಆದರೆ ಆ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂರುವವರಷ್ಟು ಅನುಮಾನದ ಪ್ರಾಣಿಗಳು ಪ್ರಪಂಚದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಹೊಸ ಊರು, ಗುರುತಿಲ್ಲದ ಡ್ರೈವರು, ಡಿಕ್ಕಿಯಲ್ಲಿ ತಮ್ಮ ಸಾಮಾನು. ಕೂತ ಕೂಡಲೇ ಒಬ್ಬರು ಗಾಡಿ ನಂಬರನ್ನು ಯಾರಿಗೋ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ಮ್ಯಾಪ್ ತೆರೆದಿಟ್ಟುಕೊಂಡು, ಗಾಡಿ ಒಂದು ತಿರುವು ಆಚೀಚೆ ಆದರೆ ಸಾಕು, ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ ಅಂತ ಶುರು ಹಚ್ಚಿಕೊಳ್ಳುತ್ತಾರೆ.

ನಮ್ಮವರ ರೂಪವೂ ಅದಕ್ಕೆ ಸರಿಯಾಗಿಯೇ ಇದೆ. ಪೊದೆಯಂಥ ಹುಬ್ಬು, ದಪ್ಪ ಮೀಸೆ, ಬೆಳಗ್ಗೆ ಎದ್ದು ಟೀ ಕೇಳಿದರೂ ಗದರಿಸಿದ ಹಾಗೆ ಕೇಳುವ ಗಂಟಲು. ನೋಡಿದವರು ಎಲ್ಲೋ ಎರಡು ತಲೆ ಉರುಳಿಸಿ ಬಂದಿದ್ದಾರೆ ಅಂದುಕೊಳ್ಳಬೇಕು. ಮನೆಯಲ್ಲಿ ಮಾತ್ರ ಜಿರಳೆ ಕಂಡರೆ ಮಂಚ ಹತ್ತುವ ಜೀವ. ಹತ್ತಿರದ ದಾರಿ ಗೊತ್ತಿದ್ದರೂ ಅವರು ಮ್ಯಾಪ್ ತೋರಿಸಿದ ದಾರಿಯನ್ನೇ ಹಿಡಿಯುತ್ತಿದ್ದರು. "ಒಳದಾರಿ ಹಿಡಿದ್ರೆ ಕಳ್ಳ ಅಂತಾರೆ ಕಣೇ. ಸುತ್ತಾದ್ರೂ ಆಗ್ಲಿ, ಮರ್ಯಾದೆ ಉಳೀಲಿ" ಅನ್ನುತ್ತಿದ್ದರು.

ಇಷ್ಟಾದರೂ ಒಂದು ಸಲ ಮರ್ಯಾದೆ ಹೋಯಿತು. ಒಬ್ಬಳೇ ಬಂದಿದ್ದ ಹುಡುಗಿ ಟೋಲ್ ಹತ್ತಿರ ಗಾಡಿ ನಿಂತಾಗ ಬಾಗಿಲು ತೆಗೆದು ಓಡಿಬಿಟ್ಟಳು. ಇವರು ಪಾಪ, ಅವಳ ಬ್ಯಾಗು ಕೊಡೋಣ ಅಂತ ಹಿಂದೆಯೇ ಓಡಿದ್ದಾರೆ. ನೋಡಿದವರಿಗೆ ಹೇಗೆ ಕಂಡಿರಬೇಕು ನೀವೇ ಯೋಚಿಸಿ. ನಾಲ್ಕು ಜನ ಸೇರಿ ಕೊರಳಪಟ್ಟಿ ಹಿಡಿದರಂತೆ. ಅವತ್ತು ಮನೆಗೆ ಬಂದು ಚಪ್ಪಲಿ ಬಿಟ್ಟವರು ಗೋಡೆ ನೋಡಿಕೊಂಡು ಕೂತರು, ಊಟಕ್ಕೆ ಏಳಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಹುಡುಗಿಗೂ, ಕೊರಳಪಟ್ಟಿ ಹಿಡಿದವರಿಗೂ, ಸುಮ್ಮನೆ ಹಿಡಿಸಿಕೊಂಡು ಬಂದ ಇವರಿಗೂ ಸೇರಿಸಿ ಬಾಯಿಗೆ ಬಂದಂತೆ ಬೈದೆ. ಬೈದು ಮುಗಿದ ಮೇಲೆ ತಲೆ ಓಡಿತು.

"ನೋಡಿ, ಇನ್ಮೇಲೆ ಗಾಡಿ ಹೊರಟ ತಕ್ಷಣ ನನಗೆ ಫೋನ್ ಮಾಡಿ. ಸ್ಪೀಕರ್ ಹಾಕಿ. ಮಿಕ್ಕಿದ್ದು ನನಗೆ ಬಿಡಿ" ಅಂದೆ.

ಅವತ್ತಿನಿಂದ ನನ್ನ ಉದ್ಯೋಗ ಶುರುವಾಯಿತು. ಒಗ್ಗರಣೆಗೆ ಇಟ್ಟಿರಲಿ, ಬಟ್ಟೆ ಹಿಂಡುತ್ತಿರಲಿ, ಫೋನ್ ಬಂದರೆ ಒದ್ದೆ ಕೈಯಲ್ಲೇ ಎತ್ತುವುದು. "ರೀ, ಹಾಲು ತರೋದು ಮರೀಬೇಡಿ. ನಿಧಾನಕ್ಕೆ ಓಡ್ಸಿ. ಹಿಂದೆ ಯಾರಿದ್ದಾರೆ, ಹೆಂಗಸರಾ? ನಮಸ್ಕಾರ ಅಮ್ಮ. ನೀವೇನೂ ಹೆದರ್ಬೇಡಿ, ಆ ಮೀಸೆ ಬರೀ ತೋರಿಕೆಗೆ." ಹಿಂದಿನ ಸೀಟಿನಿಂದ ನಗು ಕೇಳಿಸುತ್ತಿತ್ತು. ಕೆಲವರು ಊರಿನಲ್ಲಿ ಒಳ್ಳೇ ಡಾಕ್ಟರು ಯಾರು ಅಂತ ಕೇಳುತ್ತಿದ್ದರು. ಒಬ್ಬಾಕೆಯಂತೂ ತನ್ನ ಅತ್ತೆಯ ಮೇಲಿನ ದೂರನ್ನು ಫ್ಲೈಓವರ್ ಶುರುವಾದಾಗ ಎತ್ತಿಕೊಂಡವಳು ಪೇಟೆಯ ಗಡಿಯಾರದ ಕಂಬ ಬಂದರೂ ಮುಗಿಸಿರಲಿಲ್ಲ. ಸ್ಟ್ಯಾಂಡಿನಲ್ಲಿ ಮಿಕ್ಕ ಡ್ರೈವರುಗಳು ಇವರಿಗೆ ಸ್ಪೀಕರಣ್ಣ ಅಂತ ಹೆಸರಿಟ್ಟರು.

ನಾನು ಅಲ್ಲಿಯವರೆಗೆ ಆ ರಸ್ತೆಯಲ್ಲಿ ಒಂದು ದಿನವೂ ಹೋದವಳಲ್ಲ. ನಮಗೆಲ್ಲಿಯ ವಿಮಾನ. ಆದರೂ ಇಡೀ ದಾರಿ ನನಗೆ ಕಿವಿಯಲ್ಲೇ ಗೊತ್ತಿತ್ತು. ಟೋಲ್ ಹತ್ತಿರ ಕಿಟಕಿ ಇಳಿಯುವ ಸದ್ದು, ಫ್ಲೈಓವರ್ ಮೇಲೆ ಸಂದುಗಳನ್ನು ದಾಟುವ ಟೈರಿನ ತಾಳ, ಪೇಟೆ ಬಂದಾಗ ಹಾರ್ನಿನ ಗಲಾಟೆ. ಎಡಕ್ಕೆ ತಿರುಗುವಾಗ ಇಂಡಿಕೇಟರು ಟಿಕ್ ಟಿಕ್ ಅನ್ನುತ್ತಿತ್ತು. ಅಷ್ಟು ಕೇಳಿದರೆ ಇವರು ಎಲ್ಲಿದ್ದಾರೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ.

ಹೀಗಿರುವಾಗ ಆ ಸದ್ದುಗಳು ಒಂದೊಂದಾಗಿ ನಿಂತವು.

ಫೋನ್ ಬರುವುದು ನಿಲ್ಲಲಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಿತ್ತು. "ಟೋಲ್ ದಾಟಿದೆ ಕಣೇ, ಪ್ಯಾಸೆಂಜರ್ ಇದ್ದಾರೆ" ಅನ್ನುತ್ತಿದ್ದರು. ಆದರೆ ಟೈರಿನ ಸದ್ದಿಲ್ಲ, ಹಾರ್ನಿಲ್ಲ, ಟಿಕ್ ಟಿಕ್ ಇಲ್ಲ. ದೊಡ್ಡ ಖಾಲಿ ಹಜಾರದಲ್ಲಿ ನಿಂತು ಮಾತಾಡಿದ ಹಾಗೆ ದನಿ ಗುಂಯ್‌ಗುಡುತ್ತಿತ್ತು. ನಾನು ನಮಸ್ಕಾರ ಅಮ್ಮ ಅಂದರೆ ಹಿಂದಿನ ಸೀಟಿನಿಂದ ಉತ್ತರವೇ ಇಲ್ಲ. "ನಿದ್ದೆ ಮಾಡ್ತಿದ್ದಾರೆ" ಅನ್ನುವರು. ಮಾರನೆಯ ದಿನವೂ ನಿದ್ದೆ. ಅದರ ಮಾರನೆಯ ದಿನ ಇನ್ನೊಬ್ಬರು, ಅವರಿಗೂ ನಿದ್ದೆ. ಇದೇನು, ಏರ್‌ಪೋರ್ಟಿನವರು ಮಾತ್ರೆ ಕೊಟ್ಟು ಇಳಿಸುತ್ತಾರಾ?

ಗಾಡಿ ಮನೆಗೆ ಬರುವುದೂ ನಿಂತಿತು. ಮಾಲೀಕರು ಸ್ಟ್ಯಾಂಡಲ್ಲೇ ಬಿಡ್ಬೇಕು ಅಂದಿದ್ದಾರೆ ಅಂತ ಒಂದು ಕತೆ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರು ಪೇಪರ್ ಮುಟ್ಟುತ್ತಿರಲಿಲ್ಲ, ಟೀವಿ ಹಾಕುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಇನ್ನೊಂದು. ಇಷ್ಟು ವರ್ಷ ಮುಖಕ್ಕೆ ಮುಖ ಕೊಟ್ಟು ಜಗಳವಾಡಿದ ಗಂಡಸು ಈಗ ನನ್ನ ಕಿವಿಯ ಆಚೆ ಎಲ್ಲೋ ನೋಡಿಕೊಂಡು ಮಾತಾಡುತ್ತಿದ್ದರು. ಮುಖ ನೋಡುವ ಧೈರ್ಯವಿಲ್ಲ ಅಂದರೆ ಒಳಗೆ ಏನೋ ಇದೆ ಅಂತಲೇ ಅಲ್ಲವೇ? ಬೇಕೆಂದೇ ಹೊಸ ಬಟ್ಟೆ ಹಾಕಿಕೊಂಡು ಎದುರಿಗೆ ನಿಂತೆ. ನೀರು ಕೊಡು ಅಂದರು, ಅಷ್ಟೇ.

ಕೊನೆಗೆ ಒಂದು ಮಧ್ಯಾಹ್ನ ಫೋನಿನಲ್ಲಿ ಇವರು ಫ್ಲೈಓವರ್ ಹತ್ತಿದೆ ಅನ್ನುತ್ತಿರುವಾಗಲೇ ಪಕ್ಕದಿಂದ ಒಂದು ಹೆಂಗಸಿನ ದನಿ, ತುಂಬ ಸಲಿಗೆಯಿಂದ: "ಬನ್ನಿ ಇಲ್ಲಿ, ನಿಮ್ಮ ಟೀ ಆರುತ್ತೆ." ಫೋನ್ ಪಟ್ಟನೆ ಕಟ್ಟಾಯಿತು. ಫ್ಲೈಓವರ್ ಮೇಲೆ ಟೀ ಕೊಡುವವರು ಯಾರು?

ನಮ್ಮಕ್ಕ ಪಕ್ಕದ ಬೀದಿಯಲ್ಲೇ ಇದ್ದಾಳೆ. ತಲೆಗೆ ಹುಳ ಬಿಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾನು ಹೇಳಿ ಮುಗಿಸುವ ಮೊದಲೇ ಅವಳು ತೀರ್ಪು ಕೊಟ್ಟಾಗಿತ್ತು.

"ಇನ್ನೊಂದು ಮನೆ ಮಾಡಿದ್ದಾನೆ ಕಣೇ. ಖಾಲಿ ಖಾಲಿ ಸದ್ದು ಬರುತ್ತೆ ಅಂತೀಯಲ್ಲ, ಹೊಸ ಮನೆ, ಇನ್ನೂ ಸಾಮಾನು ಬಂದಿಲ್ಲ."

"ಅಕ್ಕ, ಸುಮ್ನಿರು. ಅವರು ಅಂಥೋರಲ್ಲ."

"ಅಂಥೋರಲ್ಲ ಅಂದ್ರೆ ಮುಖ ಯಾಕೆ ನೋಡಲ್ಲ?"

ಅಕ್ಕನೇ ಉಪಾಯ ಹೇಳಿದಳು. ಏರ್‌ಪೋರ್ಟಿಗೆ ಹೋಗು, ಈಗ ತಾನೇ ವಿಮಾನ ಇಳಿದವಳ ಹಾಗೆ ಸೂಟ್‌ಕೇಸ್ ಎಳ್ಕೊಂಡು ಅವನ ಗಾಡಿಗೇ ಹತ್ತು, ಆಮೇಲೆ ನೋಡು ಮಜಾ ಅಂದಳು. ಅವಳದೇ ಸೂಟ್‌ಕೇಸಿಗೆ ನಾಲ್ಕು ಹಾಸಿಗೆ ಬಟ್ಟೆ ತುಂಬಿ, ತನ್ನ ಕಪ್ಪು ಕನ್ನಡಕವನ್ನೂ, ಮೂಗಿಗೆ ಹೊಡೆಯುವ ಸೆಂಟನ್ನೂ ನನಗೆ ದಾನ ಮಾಡಿದಳು. ನಗಬೇಡಿ. ನನಗೆ ಅವತ್ತು ಬೇಕಿದ್ದದ್ದು ಒಂದೇ, ಈ ಮನುಷ್ಯ ಇನ್ನೂ ನನ್ನವರೋ ಅಲ್ಲವೋ ಅನ್ನುವುದು. ಅಲ್ಲ ಅಂತಾದರೆ ಅದೇ ಸೂಟ್‌ಕೇಸಿನಲ್ಲಿ ನನ್ನ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೋಗುವುದೆಂದು ತೀರ್ಮಾನ ಮಾಡಿಯೇ ಬಸ್ಸು ಹತ್ತಿದೆ.

ಏರ್‌ಪೋರ್ಟಿನಲ್ಲಿ ಒಳಗೆ ಬಿಡುವುದಿಲ್ಲ. ಇಳಿದವರು ಹೊರಗೆ ಬರುವ ಬಾಗಿಲಿನ ಹತ್ತಿರ ಕಂಬಿ ಹಾಕಿದ್ದಾರೆ, ಅಲ್ಲಿ ಜನ ಜಾತ್ರೆ. ನಾನು ಗುಂಪಿನೊಳಗೆ ನುಸುಳಿ, ಬಂದವಳ ಹಾಗೆ ಟ್ಯಾಕ್ಸಿ ಸ್ಟ್ಯಾಂಡಿಗೆ ನಡೆದೆ. ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಗಾಡಿಗಳ ಸರದಿ ನೋಡುವ ಮೇಸ್ತ್ರಿಯನ್ನು ಕೇಳಿದೆ.

"ನನಗೆ ಸ್ಪೀಕರಣ್ಣನ ಗಾಡಿನೇ ಬೇಕು. ಹೋದ ಸಲ ಅವರೇ ಬಿಟ್ಟಿದ್ರು."

ಮೇಸ್ತ್ರಿ ಪಕ್ಕದ ಡ್ರೈವರನ ಮುಖ ನೋಡಿದ. ಅವನು ಮೊಬೈಲ್ ನೋಡಿಕೊಂಡ.

"ಅವರು ಟ್ರಿಪ್ ಹೋಗಿದ್ದಾರೆ ಮೇಡಂ."

"ಎಷ್ಟೊತ್ತಿಗೆ ಬರ್ತಾರೆ? ಕಾಯ್ತೀನಿ."

"ಕಾಯ್ಬೇಡಿ ಮೇಡಂ. ಬೇರೆ ಗಾಡಿ ತಗೊಳ್ಳಿ."

ಇಬ್ಬರೂ ಒಟ್ಟಿಗೆ ಬೇರೆ ಕಡೆ ತಿರುಗಿದರು. ಇಡೀ ಸ್ಟ್ಯಾಂಡಿಗೇ ಗೊತ್ತಿದೆ, ಗೊತ್ತಿಲ್ಲದವಳು ನಾನೊಬ್ಬಳೇ. ಎಲ್ಲ ಸೇರಿ ನನ್ನನ್ನು ಮಂಗ ಮಾಡಿದ್ದಾರೆ. ಅಲ್ಲಿಂದ ಸೂಟ್‌ಕೇಸ್ ಎಳೆದುಕೊಂಡು ವಾಪಸು ಬರುತ್ತಿದ್ದೆ, ಆಗ ಆ ದನಿ ಕೇಳಿಸಿತು.

"ಬನ್ನಿ ಇಲ್ಲಿ, ಟೀ ಆರುತ್ತೆ."

ಕಸ ಗುಡಿಸುವ ಹೆಂಗಸು. ನನ್ನ ವಯಸ್ಸಿನವಳೇ. ಕಂಬದ ಮರೆಯಲ್ಲಿ ಪೊರಕೆ ಒರಗಿಸಿ ಎರಡು ಲೋಟ ಹಿಡಿದು ನಿಂತಿದ್ದಾಳೆ. ಸಾಮಾನು ತಳ್ಳುವ ಟ್ರಾಲಿಗಳ ಉದ್ದ ಸಾಲಿನ ಹಿಂದಿನ ಖಾಲಿ ಹಜಾರದಿಂದ ನಮ್ಮವರು ಬಂದರು. ಮೈಮೇಲೆ ಡ್ರೈವರನ ಬಿಳಿ ಅಂಗಿಯಿಲ್ಲ, ಹಳದಿ ಪಟ್ಟೆಯ ತೋಳಿಲ್ಲದ ಜಾಕೆಟ್ಟು. ಅವಳು ನಮ್ಮವರ ಕೈ ಹಿಡಿದಳು. ಹೌದು, ಹಾಡಹಗಲು, ಅಷ್ಟು ಜನರ ಮಧ್ಯೆ ಕೈ ಹಿಡಿದು, ಬೆರಳು ಬಿಡಿಸಿ, ಲೋಟವನ್ನು ಅಂಗೈಯಲ್ಲಿ ಇಟ್ಟು ಮುಚ್ಚಿದಳು. ಇವರು ನಕ್ಕರು. ನನ್ನ ಎದುರು ತಿಂಗಳುಗಟ್ಟಲೆ ನಗದ ನಗು.

ಆ ಜಾಕೆಟ್ಟು ಯಾಕೆ, ಟ್ರಾಲಿ ಯಾಕೆ ಅಂತ ಯೋಚಿಸುವ ಬುದ್ಧಿ ಆಗ ಎಲ್ಲಿತ್ತು? ಅವಳು ಲೋಟ ತೆಗೆದುಕೊಂಡು ಹೋಗುವವರೆಗೆ ಕಾದೆ. ಆಮೇಲೆ ನೇರವಾಗಿ ಹೋಗಿ ಇವರ ಮುಂದೆ ನಿಂತೆ. ಕಪ್ಪು ಕನ್ನಡಕ ತೆಗೆದು, ಮುಖವನ್ನು ಪೂರ್ತಿ ತೋರಿಸಿ, ಇವರ ಮುಖದ ಬಣ್ಣ ಇಳಿಯುವುದನ್ನು ನೋಡಲಿಕ್ಕೆ ಅಂತಲೇ ನಿಂತೆ. ಏನೇನು ಬೈಯಬೇಕೆಂದು ಬಸ್ಸಿನಲ್ಲೇ ಸಾಲು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ.

ಇವರು ತಲೆ ಎತ್ತಿದರು. ಒಂದು ತೋಳಿನಷ್ಟು ದೂರ. ನನ್ನ ಮುಖದ ಕಡೆ ನೋಡಿದರು. ನೋಡಿ, ಗಿರಾಕಿಗಳಿಗೆ ನಗುವ ಹಾಗೆ ನಕ್ಕರು.

"ಟ್ರಾಲಿ ಕೊಡ್ಲಾ ಮೇಡಂ?"

ನಾಟಕ ಅಂದುಕೊಂಡೆ. ಸಿಕ್ಕಿಬಿದ್ದ ಮೇಲೆ ಆಡುವ ನಾಟಕ. ಇನ್ನಷ್ಟು ಹತ್ತಿರ ಹೋದೆ. ಇವರ ಕಣ್ಣು ನನ್ನ ಕಿವಿಯ ಆಚೆ, ಮನೆಯಲ್ಲಿ ನಿಲ್ಲುವ ಅದೇ ಜಾಗದಲ್ಲಿ ನಿಂತಿತ್ತು. ಹುಬ್ಬು ಸ್ವಲ್ಪ ಗಂಟಾಗಿ, ತಲೆ ವಾಲಿಸಿ, ಓರೆಯಿಂದ ನನ್ನನ್ನು ಹಿಡಿಯಲು ನೋಡುತ್ತಿದ್ದರು. ಕೈ ಟ್ರಾಲಿಯ ಹಿಡಿಯನ್ನು ತಡವುತ್ತಿತ್ತು. ಅಯ್ಯೋ ದೇವರೇ. ಇವರಿಗೆ ಕಾಣುತ್ತಿಲ್ಲ. ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವಷ್ಟು ಕಾಣುತ್ತದೆ, ಮುಖ ಕಾಣುತ್ತಿಲ್ಲ. ಇಷ್ಟು ದಿನ ಮುಖ ತಪ್ಪಿಸುತ್ತಾರೆ ಅಂದುಕೊಂಡಿದ್ದೆನಲ್ಲ, ಅವರಿಗೆ ನನ್ನ ಮುಖವೇ ಸಿಗುತ್ತಿರಲಿಲ್ಲ.

ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಅಕ್ಕ ಹೇಳಿದ ಆ ಇನ್ನೊಬ್ಬಳು ನಿಜಕ್ಕೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು, ನಿಜವಾಗಿ ಹೇಳುತ್ತಿದ್ದೇನೆ. ಅವಳ ಜೊತೆ ಜಗಳವಾಡಬಹುದಿತ್ತು, ಜಡೆ ಹಿಡಿಯಬಹುದಿತ್ತು. ಇದರ ಜೊತೆ ಯಾರು ಜಗಳವಾಡುತ್ತಾರೆ? ಬಾಯಿ ತೆಗೆದರೆ ದನಿಯಿಂದ ಗುರುತು ಹತ್ತುತ್ತದೆ ಅಂತ ತುಟಿ ಕಚ್ಚಿಕೊಂಡು ನಿಂತೆ. ಆದರೂ ಅಳು ತಡೆಯಲಾಗಲಿಲ್ಲ, ಒಂದು ಬಿಕ್ಕು ಬಂದೇಬಿಟ್ಟಿತು.

ಇವರಿಗೆ ಅದು ಕೇಳಿಸಿತು. ಪ್ಯಾಸೆಂಜರ್ ಹೆದರಿದ್ದಾರೆ ಅಂದುಕೊಂಡರು. ದನಿಯನ್ನು ಆದಷ್ಟು ಮೆತ್ತಗೆ ಮಾಡಿದರು.

"ಮೇಡಂ, ಒಬ್ರೇ ಬಂದಿದ್ದೀರಾ? ಹೊಸ ಊರು ಅಂತ ಭಯನಾ? ಏನೂ ಆಗಲ್ಲ. ಸ್ಟ್ಯಾಂಡ್ ಇಲ್ಲೇ ಇದೆ, ನಾನೇ ಬಿಡ್ತೀನಿ. ನಂದೊಂದು ಮೀಸೆ, ನನ್ನ ಮಾತು ನಂಬಿಕೆ ಬರಲ್ಲ ನಿಮಗೆ. ಇರಿ, ನಮ್ಮ ಮನೆಯವಳ ಹತ್ರ ಒಂದು ಮಾತಾಡಿ. ಅವಳ ದನಿ ಕೇಳಿದ್ರೆ ಧೈರ್ಯ ಬರುತ್ತೆ."

ನಾನು ಬೇಡ ಅಂತ ಕೈ ಆಡಿಸಿದೆ. ಅದು ಅವರಿಗೆ ಎಲ್ಲಿ ಕಾಣಬೇಕು. ಜೇಬಿನಿಂದ ಫೋನ್ ತೆಗೆದು, ನೋಡದೆ, ಹೆಬ್ಬೆರಳಿನ ಅಂದಾಜಿನಲ್ಲೇ ಒತ್ತಿ, ಸ್ಪೀಕರ್ ಹಾಕಿ ನನ್ನ ಕಡೆ ಚಾಚಿದರು.

ನನ್ನ ಕೈಚೀಲದಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಸದ್ದು ಎಲ್ಲಿಂದ ಬರುತ್ತಿದೆ ಅಂತ ಇವರು ಕಿವಿ ಕೊಟ್ಟರು. ಮೊದಲು ನಗು ಹೋಯಿತು, ಆಮೇಲೆ ಚಾಚಿದ ಕೈ ನಿಧಾನಕ್ಕೆ ಕೆಳಗಿಳಿಯಿತು. ಕಟ್ ಮಾಡಲಿಲ್ಲ. ನನ್ನ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಜನ ಸೂಟ್‌ಕೇಸ್ ಎಳೆದುಕೊಂಡು ನಮ್ಮಿಬ್ಬರನ್ನು ಬಳಸಿಕೊಂಡು ಹೋಗುತ್ತಿದ್ದರು.

ನಾನು ಕಣ್ಣೊರೆಸಿಕೊಂಡು ಫೋನ್ ಎತ್ತಿದೆ.

"ಎಲ್ಲಿದ್ದೀರಿ?" ಅಂದೆ.

ಅವರು ತಮ್ಮ ಫೋನನ್ನು ಕಿವಿಗೆ ಹಿಡಿದರು.

"ಏರ್‌ಪೋರ್ಟಲ್ಲೇ ಇದ್ದೀನಿ ಕಣೇ. ಟ್ರಾಲಿ ತಳ್ತಾ ಇದ್ದೀನಿ. ಕಣ್ಣಿನ ಪರೀಕ್ಷೆ ಪಾಸಾಗ್ಲಿಲ್ಲ, ಗಾಡಿ ವಾಪಸ್ ತಗೊಂಡ್ರು" ಅಂದರು.